ಅಜ್ಜ-ಅಜ್ಜಿ, ಮಕ್ಕಳ ಜೊತೆ ಕರಾವಳಿಗೆ ನಾಲ್ಕು ದಿನ: ಟಿಕೆಟ್ ಮಾಡುವುದರಿಂದ ಮನೆಗೆ ಮರಳುವವರೆಗೆ

ಮನೆಮಂದಿಯೆಲ್ಲ ಕೂತು ಪ್ರವಾಸದ ಪಟ್ಟಿ ಮಾಡಿದರೆ ದಿನಕ್ಕೆ ಐದಾರು ಜಾಗ ಸೇರಿಕೊಳ್ಳುತ್ತವೆ. ಮ್ಯಾಪಿನಲ್ಲಿ ಎಲ್ಲವೂ ಒಂದೊಂದು ಗಂಟೆಯ ದಾರಿಯೇ. ಆದರೆ ಕರಾವಳಿಯ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಹನ್ನೊಂದರಿಂದ ಮೂರೂವರೆವರೆಗೆ ಕಡಲ ದಂಡೆಯಲ್ಲಿ ನಿಲ್ಲಲಾಗುವುದಿಲ್ಲ, ಚಿಕ್ಕ ಮಗುವಿಗೆ ನಿದ್ದೆ ಬೇಕು, ಅಜ್ಜಿಯ ಮಂಡಿಗೆ ವಿಶ್ರಾಂತಿ ಬೇಕು. ಇಷ್ಟನ್ನು ಕಳೆದರೆ ತಿರುಗಾಟಕ್ಕೆ ಉಳಿಯುವುದು ಬೆಳಗ್ಗೆ ಮೂರು ಗಂಟೆ, ಸಂಜೆ ಎರಡೂವರೆ ಗಂಟೆ. ಹಾಗಾಗಿ ದಿನಕ್ಕೆ ಎರಡು ಜಾಗ ಎಂದು ಮೊದಲೇ ಗೆರೆ ಎಳೆದುಬಿಡಿ. ಮೂರನೆಯದು ಸಿಕ್ಕಿದರೆ ಲಾಭ.

ಇಲ್ಲಿ ಹಿಡಿದಿರುವ ಲೆಕ್ಕ ಬೆಂಗಳೂರಿನ ಆರು ಜನರ ಮನೆಯದು: ಅಜ್ಜ, ಅಜ್ಜಿ, ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಡಿಸೆಂಬರ್ 24ರ ಸಂಜೆ ಹೊರಟು 29ರ ಬೆಳಗ್ಗೆ ವಾಪಸ್. ಗೋಕರ್ಣ, ಮುರ್ಡೇಶ್ವರ, ಕೊಲ್ಲೂರು, ಉಡುಪಿ.

ಯಾವಾಗ ಹೋಗಬೇಕು

ನವೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಇದೆಯೆಂದು ಹೊರಟರೆ ಬೆವರಿನಲ್ಲೇ ಅರ್ಧ ಪ್ರವಾಸ ಮುಗಿಯುತ್ತದೆ. ವಯಸ್ಸಾದವರಿಗಂತೂ ಆ ಸೆಕೆ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗಿಳಿಯುವಂತಿಲ್ಲ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಬಿಡುವುದಿಲ್ಲ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಪ್ರಯಾಣವೇ ತಲೆಕೆಳಗು.

ಕ್ರಿಸ್‌ಮಸ್ ವಾರ ಅತಿ ಹೆಚ್ಚು ಜನ ಸೇರುವ ಸಮಯ, ನಿಜ. ಆದರೆ ಶಾಲೆ-ಆಫೀಸು ಎರಡಕ್ಕೂ ಒಟ್ಟಿಗೆ ರಜೆ ಸಿಗುವುದು ಆಗಲೇ. ತಪ್ಪಿಸಲೇಬೇಕಾದ ದಿನಗಳು ಬೇರೆ ಇವೆ: ಗೋಕರ್ಣದಲ್ಲಿ ಶಿವರಾತ್ರಿ, ಉಡುಪಿಯಲ್ಲಿ ಮಕರ ಸಂಕ್ರಾಂತಿಯ ಆಸುಪಾಸು, ಅದರಲ್ಲೂ ಎರಡು ವರ್ಷಕ್ಕೊಮ್ಮೆ ಸಮಸಂಖ್ಯೆಯ ವರ್ಷದ ಜನವರಿ 18ರಂದು ನಡೆಯುವ ಪರ್ಯಾಯ (ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಉತ್ಸವ). ಆಗ ಲಾಡ್ಜ್‌ನಲ್ಲಿ ರೂಮಿರಲಿ, ಜಗಲಿಯೂ ಸಿಗುವುದಿಲ್ಲ. ಪಂಚಾಂಗವನ್ನೂ ಒಮ್ಮೆ ತೆರೆದು ನೋಡಿ. ಉಡುಪಿಯ ದಿನ ಏಕಾದಶಿ ಬಿದ್ದರೆ ಕೃಷ್ಣಮಠದಲ್ಲಿ ಊಟ ಇರುವುದಿಲ್ಲ.

ಟಿಕೆಟ್: 60 ದಿನದ ಲೆಕ್ಕ

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಹೊರಡುವ ದಿನವನ್ನು ಬಿಟ್ಟು ಎಣಿಸಬೇಕು. 24 ಡಿಸೆಂಬರ್‌ನ ಟಿಕೆಟ್ ತೆರೆಯುವುದು ಅಕ್ಟೋಬರ್ 25ರ ಬೆಳಗ್ಗೆ 8ಕ್ಕೆ. ವಾಪಸ್ ಬರುವ 28ರದ್ದು ಅಕ್ಟೋಬರ್ 29ಕ್ಕೆ. ಹೋಗುವ ಟಿಕೆಟ್ ಕೈಗೆ ಬಂದ ಖುಷಿಯಲ್ಲಿ ಈ ಎರಡನೆಯ ದಿನ ಮರೆತು ವೇಟಿಂಗ್ ಲಿಸ್ಟಿಗೆ ಬೀಳುವವರೇ ಹೆಚ್ಚು. ಎರಡಕ್ಕೂ ಮೊಬೈಲಿನಲ್ಲಿ ಅಲಾರಂ ಇಡಿ, ಎಲ್ಲರ ಹೆಸರು-ವಯಸ್ಸನ್ನು ಐಆರ್‌ಸಿಟಿಸಿಯ ಮಾಸ್ಟರ್ ಲಿಸ್ಟಿನಲ್ಲಿ ಹಿಂದಿನ ದಿನವೇ ತುಂಬಿಡಿ. ಎಂಟು ಗಂಟೆಗೆ ಕೂತು ವಯಸ್ಸು ಟೈಪ್ ಮಾಡುತ್ತಿದ್ದರೆ ಸೀಟು ಹೋಗಿರುತ್ತದೆ.

ಈ ದಾರಿಗೆ ಒಳ್ಳೆಯದು ಪಂಚಗಂಗಾ ಎಕ್ಸ್‌ಪ್ರೆಸ್, ಬೆಂಗಳೂರಿನಿಂದ ಕಾರವಾರಕ್ಕೆ. ಸಂಜೆ ಹೊರಟು ಹಾಸನ, ಸುಬ್ರಹ್ಮಣ್ಯ ರೋಡ್ ದಾಟಿ ಉಡುಪಿಗೆ ಬರುವಾಗ ಇನ್ನೂ ನಸುಕು. ಅಷ್ಟು ಹೊತ್ತಿಗೆ ಮಲಗಿದ ಮಕ್ಕಳನ್ನು ಎಬ್ಬಿಸಿ, ಎರಡು ನಿಮಿಷದಲ್ಲಿ ಏಳು ಲಗೇಜು ಇಳಿಸುವ ಕಷ್ಟ ಯಾರಿಗೂ ಬೇಡ. ಅದಕ್ಕೇ ಉತ್ತರದ ತುದಿಯಿಂದ ಶುರು ಮಾಡಿ. ಗೋಕರ್ಣ ರೋಡ್ ನಿಲ್ದಾಣ ಮುಟ್ಟುವ ಹೊತ್ತಿಗೆ ಬೆಳಕಾಗಿರುತ್ತದೆ, ಅಲ್ಲಿಂದ ಊರಿಗೆ ಸುಮಾರು 10 ಕಿ.ಮೀ. ಕೆಳಕ್ಕೆ ಬರುತ್ತ ಬರುತ್ತ ಉಡುಪಿಯಲ್ಲಿ ಮುಗಿಸಿದರೆ, ವಾಪಸ್ ಬರುವ ಅದೇ ರೈಲನ್ನು ರಾತ್ರಿ ಊಟ ಮುಗಿಸಿಕೊಂಡು ಹತ್ತಬಹುದು. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಬುಕ್ ಮಾಡುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಕೆಳಗಿನ ಬರ್ತ್ ಸಿಗುವುದು-ಸಿಗದಿರುವುದು ಟಿಕೆಟ್ ಹೇಗೆ ಮಾಡುತ್ತೀರಿ ಎಂಬುದರ ಮೇಲಿದೆ. ಹಿರಿಯರಿಗೆಂದು ಕಾದಿಟ್ಟ ಲೋವರ್ ಬರ್ತ್ ಕೋಟಾ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಆದರೆ ಆ ಟಿಕೆಟ್‌ನಲ್ಲಿ ಅಂಥವರು ಒಬ್ಬರು ಅಥವಾ ಇಬ್ಬರೇ ಇರಬೇಕು. ಅಜ್ಜ-ಅಜ್ಜಿಯನ್ನು ಮಗ-ಸೊಸೆ-ಮೊಮ್ಮಕ್ಕಳ ಜೊತೆ ಒಂದೇ ಟಿಕೆಟ್‌ಗೆ ಸೇರಿಸಿದಿರೋ, ಕೋಟಾ ಕೈಬಿಟ್ಟಿತು. ಆದ್ದರಿಂದ ಎರಡು ಟಿಕೆಟ್ ಮಾಡಿ: ಅವರಿಬ್ಬರಿಗೆ ಕೋಟಾದಲ್ಲಿ ಒಂದು, ಉಳಿದವರಿಗೆ ಸಾಮಾನ್ಯದಲ್ಲಿ ಒಂದು. ಮೊದಲನೆಯದರಲ್ಲಿ ಬಂದ ಕೋಚ್ ನಂಬರನ್ನು ಎರಡನೆಯದರ ಕೋಚ್ ಆಯ್ಕೆಯಲ್ಲಿ ತುಂಬಿ. ಬೇರೆ ಬೋಗಿ ಬಂದರೂ ಪರವಾಗಿಲ್ಲ, ಅಜ್ಜಿ ಮಿಡ್ಲ್ ಬರ್ತ್ ಹತ್ತುವುದಕ್ಕಿಂತ ಅದೇ ವಾಸಿ. ವಯಸ್ಸಿನ ಪುರಾವೆಗೆ ಅವರ ಅಸಲಿ ಗುರುತಿನ ಚೀಟಿ ಅವರ ಕೈಚೀಲದಲ್ಲೇ ಇರಲಿ.

ನಾಲ್ಕು ವರ್ಷದವನಿಗೆ ಟಿಕೆಟ್ ಬೇಡ, ಬರ್ತ್ ಕೂಡ ಇಲ್ಲ. ಒಂಬತ್ತರವಳಿಗೆ ಬರ್ತ್ ಬೇಕಾದರೆ ಪೂರ್ತಿ ದರ. ಒಟ್ಟು ಐದು ಬರ್ತ್.

ಕಾರು ಎಷ್ಟು ದಿನ ಬೇಕು?

ಬೆಂಗಳೂರಿನಿಂದಲೇ ಇನ್ನೋವಾ ಮಾಡಿಕೊಂಡು ಹೋದರೆ ಹಾಯಾಗಿರುತ್ತದೆ ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಲೆಕ್ಕ ಹಾಕಿ ನೋಡಿ. ಹೊರಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂದಿರುತ್ತದೆ, ಸಾಮಾನ್ಯವಾಗಿ 300. ಐದು ದಿನಕ್ಕೆ 1,500 ಕಿ.ಮೀ.ಯ ದುಡ್ಡು, ನೀವು ಓಡುವುದು ಸುಮಾರು 1,200. ಕಿ.ಮೀ.ಗೆ 20 ರೂಪಾಯಿ ಎಂದಿಟ್ಟುಕೊಂಡರೆ 30,000, ಡ್ರೈವರ್ ಬತ್ತಾ ದಿನಕ್ಕೆ 500ರಂತೆ 2,500, ಮೇಲೆ ಟೋಲ್. ಗೋಕರ್ಣ, ಉಡುಪಿಗಳಲ್ಲಿ ಆಟೋ ಸಾಕಾಗುವ ಎರಡು ದಿನ ಆ ಕಾರು ಸುಮ್ಮನೆ ನಿಂತಿರುತ್ತದೆ.

ಅದರ ಬದಲು ನಿಜವಾಗಿ ಕಾರು ಬೇಕಾಗುವ 26, 27ರಂದು ಮಾತ್ರ ಗೋಕರ್ಣ ಇಲ್ಲವೇ ಕುಮಟಾದಿಂದ ಬಾಡಿಗೆಗೆ ಹಿಡಿಯಿರಿ. ಗೋಕರ್ಣ-ಮುರ್ಡೇಶ್ವರ-ಕೊಲ್ಲೂರು-ಉಡುಪಿ ಸುಮಾರು 220 ಕಿ.ಮೀ., ಕಾರು ಖಾಲಿ ಮರಳುವ ದಾರಿ 180. ಅದೇ ದರದಲ್ಲಿ 8,000 (ದಿನಕ್ಕೆ 300 ಕಿ.ಮೀ.ಯ ಕನಿಷ್ಠ ಇಲ್ಲೂ ಹಾಕಿದರೆ 12,000), ಬತ್ತಾ 1,000. ಥರ್ಡ್ ಎಸಿಯ ಹೋಗಿಬರುವ ಹತ್ತು ಟಿಕೆಟ್ ಸೇರಿಸಿದರೂ ಕಡಿಮೆಯೇ.

ಫೋನಿನಲ್ಲಿ ಮಾತಾಡುವಾಗ ಬಿಡದೆ ಕೇಳಬೇಕಾದದ್ದು: ಕಿ.ಮೀ. ಎಣಿಕೆ ಎಲ್ಲಿಂದ ಶುರು, ನಾವು ಹತ್ತುವ ಜಾಗದಿಂದಲೋ, ಅವರ ಶೆಡ್ಡಿನಿಂದಲೋ? ಡ್ರೈವರ್ ಊಟ-ವಸತಿ ಯಾರದ್ದು? ಟೋಲ್, ಪಾರ್ಕಿಂಗ್ ಸೇರಿದೆಯೋ? ಮೇಲೆ ಕ್ಯಾರಿಯರ್ ಇದೆಯೋ? ಕೊನೆಯದನ್ನು ಯಾರೂ ಕೇಳುವುದಿಲ್ಲ. ಏಳು ಸೀಟಿನ ಗಾಡಿಯಲ್ಲಿ ಹಿಂದಿನ ಸಾಲಿನಲ್ಲೂ ಜನ ಕೂತರೆ ಡಿಕ್ಕಿಯಲ್ಲಿ ಹಿಡಿಯುವುದು ಎರಡು ಚಿಕ್ಕ ಬ್ಯಾಗು. ಉಳಿದ ಸೂಟ್‌ಕೇಸು ತೊಡೆ ಮೇಲೆ. ಹಳದಿ ಬೋರ್ಡಿನ ಗಾಡಿಯನ್ನೇ ಹಿಡಿಯಿರಿ. ಬಿಳಿ ಬೋರ್ಡ್ ಅಗ್ಗ ಎಂದರೂ ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಗ್ಯಾರಂಟಿ.

ರೂಮು

ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ರೈಲು ಬೆಳಗ್ಗೆ ಏಳಕ್ಕೆ ಇಳಿಸುತ್ತದೆ, ರೂಮು ಸಿಗುವುದು ಹನ್ನೆರಡಕ್ಕೆ. ಐದು ಗಂಟೆ ರಿಸೆಪ್ಷನ್ ಸೋಫಾದ ಮೇಲೆ ಅಳುವ ಮಗು. ಗೋಕರ್ಣದ ಲಾಡ್ಜನ್ನು 25ರಿಂದಲ್ಲ, 24ರ ರಾತ್ರಿಯಿಂದಲೇ ಒಂದು ರೂಮಿಗೆ ಬುಕ್ ಮಾಡಿ, “25ರ ಬೆಳಗ್ಗೆ ಏಳಕ್ಕೆ ಬರುತ್ತೇವೆ” ಎಂದು ವಾಟ್ಸಾಪಿನಲ್ಲಿ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಇಲ್ಲವಾದರೆ ರಾತ್ರಿ ಯಾರೂ ಬರಲಿಲ್ಲವೆಂದು ರೂಮನ್ನು ಬೇರೆಯವರಿಗೆ ಕೊಟ್ಟಿರುತ್ತಾರೆ. ಇಪ್ಪತ್ನಾಲ್ಕು ಗಂಟೆ ಲೆಕ್ಕದ ಲಾಡ್ಜ್ ಸಿಕ್ಕಿದರೆ ಈ ತಲೆನೋವೇ ಇಲ್ಲ.

ಇನ್ನೊಂದು ಇದರ ತಿರುವು. ಉಡುಪಿಯಲ್ಲಿ ಬೆಳಗ್ಗೆ ರೂಮು ಖಾಲಿ ಮಾಡಬೇಕು, ರೈಲು ರಾತ್ರಿ. ಎರಡು ರೂಮಿನಲ್ಲಿ ಒಂದನ್ನು ರಾತ್ರಿವರೆಗೆ ಉಳಿಸಿಕೊಳ್ಳಿ. ಮಧ್ಯಾಹ್ನದ ನಿದ್ದೆ, ಕಡಲ ಉಪ್ಪು ತೊಳೆಯುವ ಸ್ನಾನ, ಲಗೇಜಿನ ಕಾವಲು, ಎಲ್ಲ ಅದರಲ್ಲೇ ಆಗುತ್ತದೆ.

ಬುಕ್ ಮಾಡುವ ಮುಂಚೆ ಫೋನ್ ಮಾಡಿ ಲಿಫ್ಟ್ ಇದೆಯೇ, ಇಲ್ಲದಿದ್ದರೆ ನೆಲಮಹಡಿಯ ರೂಮೇ, ಕಮೋಡ್ ಇದೆಯೇ, ಬಿಸಿನೀರು ಎಷ್ಟು ಹೊತ್ತಿನವರೆಗೆ ಎಂದು ಕೇಳಿ. ಸೋಲಾರ್ ನೀರಿನ ಕಡೆ ತಡವಾಗಿ ಎದ್ದವರಿಗೆ ತಣ್ಣೀರೇ ಗತಿ. ದೇವಸ್ಥಾನದ ವಸತಿಗೃಹಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟುಗಳಿವೆ. ಪೂರ್ತಿ ಮುಂಗಡವನ್ನು ಯಾರೋ ಒಬ್ಬರ ಖಾಸಗಿ ಹೆಸರಿನ ಯುಪಿಐಗೆ ಹಾಕಿ ಎಂದರೆ ಅಲ್ಲಿಗೇ ಕೈಬಿಡಿ.

ದಿನಗಳ ಹಂಚಿಕೆ

25, ಗೋಕರ್ಣ: ಸ್ನಾನ, ತಿಂಡಿ ಮುಗಿಸಿ ಹತ್ತರೊಳಗೆ ಮಹಾಬಲೇಶ್ವರ. ಗಂಡಸರಿಗೆ ಪಂಚೆ ಬೇಕು, ಪ್ಯಾಂಟಿನಲ್ಲಿ ಒಳಗೆ ಬಿಡುವುದಿಲ್ಲ. ಮನೆಯಿಂದಲೇ ಎರಡು ಒಯ್ಯಿರಿ. ಸಂಜೆ ಊರಿನ ಮುಂದಿನ ಕಡಲು. ಓಂ ಬೀಚ್ ಚೆಂದವೇ, ಆದರೆ ಆಟೋ ಮೇಲೆ ನಿಂತು ಮೆಟ್ಟಿಲಿಳಿಯಬೇಕು. ಮಂಡಿನೋವಿನವರನ್ನು ಎಳೆದೊಯ್ಯಬೇಡಿ.

26: ಬೆಳಗ್ಗೆ ಎಂಟಕ್ಕೆ ಹೊರಟು ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ವನದ (ಉಪ್ಪುನೀರಿನಲ್ಲಿ ಬೆಳೆಯುವ ಮರಗಳ ಕಾಡು) ಹಲಗೆ ದಾರಿ ಮತ್ತು ಬೋಟ್. ಲೈಫ್ ಜಾಕೆಟ್ ಮಗುವಿನ ಅಳತೆಯದೇ ಕೇಳಿ, ದೊಡ್ಡವರದ್ದು ನೀರಿನಲ್ಲಿ ತಲೆಯ ಮೇಲಿಂದ ಕಳಚಿಬಿಡುತ್ತದೆ. ಊಟದ ಹೊತ್ತಿಗೆ ಮುರ್ಡೇಶ್ವರ. 123 ಅಡಿಯ ಶಿವನ ಹತ್ತಿರ ಹೋಗಲು ಮೆಟ್ಟಿಲಿವೆ. 237 ಅಡಿಯ ರಾಜಗೋಪುರಕ್ಕೆ ಲಿಫ್ಟ್ ಇದೆ. ಹಿರಿಯರಿಗೆ ಗೋಪುರವೇ ಸರಿ.

27: ಏಳಕ್ಕೆ ಹೊರಟರೆ ಒಂಬತ್ತರ ಸುಮಾರಿಗೆ ಕೊಲ್ಲೂರು. ದರ್ಶನ, ಪ್ರಸಾದದ ಊಟ, ಸಂಜೆಯೊಳಗೆ ಉಡುಪಿ. ಬೈಂದೂರು ಬಿಟ್ಟ ಮೇಲೆ ದಾರಿ ಕಾಡಿನ ತಿರುವು. ವಾಂತಿ ಮಾಡುವವರನ್ನು ಹಿಂದಿನ ಸಾಲಿನಲ್ಲಿ ಕೂರಿಸಬೇಡಿ; ಮುಂದಿನ ಕಿಟಕಿ, ಕೈಯಲ್ಲಿ ಮೊಬೈಲಿಲ್ಲ, ಹೊಟ್ಟೆಗೆ ಎರಡೇ ಇಡ್ಲಿ. ಮಾತ್ರೆ ಕೊಡುವುದಾದರೆ ಹೊರಡುವ ಅರ್ಧ ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳೆಸತೊಡಗಿದ ಮೇಲೆ ಪ್ರಯೋಜನವಿಲ್ಲ. ಮಕ್ಕಳ ಪ್ರಮಾಣವನ್ನು ಊರಿನಲ್ಲೇ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

28: ಬೆಳಗ್ಗೆ ಬೇಗ ಕೃಷ್ಣಮಠ, ನಂತರ ಮಲ್ಪೆ. ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಪ್ಪುಕಲ್ಲುಗಳು ಮಕ್ಕಳಿಗೆ ಬಲು ಇಷ್ಟವಾಗುತ್ತವೆ. ಬೋಟ್ ಹತ್ತಿಳಿಯುವುದು ಅಜ್ಜಿಗೆ ಕಷ್ಟ, ಅವರು ರೂಮಿನಲ್ಲಿರಲಿ. ರಾತ್ರಿ ರೈಲಿಗೆ ಮುಕ್ಕಾಲು ಗಂಟೆ ಮೊದಲು ಹೊರಡಿ, ನಿಲ್ದಾಣ ಇರುವುದು ಊರಾಚೆ ಇಂದ್ರಾಳಿಯಲ್ಲಿ.

ಕಡಲಿನ ವಿಷಯ

2024ರ ಡಿಸೆಂಬರ್‌ನಲ್ಲಿ, ಇಂಥದೇ ಪ್ರವಾಸದ ಕಾಲದಲ್ಲಿ, ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅಲೆ ಏಳದೆ ಸಮತಟ್ಟಾಗಿ ಕಾಣುವ ಜಾಗವೇ ಅಪಾಯದ್ದು: ದಡಕ್ಕೆ ಬಂದ ನೀರು ಅಲ್ಲಿಂದಲೇ ವಾಪಸ್ ಹರಿಯುತ್ತದೆ, ಅದಕ್ಕೇ ಅಲ್ಲಿ ಅಲೆ ಒಡೆಯುವುದಿಲ್ಲ. ಸೆಳೆತಕ್ಕೆ ಸಿಕ್ಕವರು ದಡದತ್ತ ಹೋರಾಡಿ ಸುಸ್ತಾಗುತ್ತಾರೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಮಕ್ಕಳಿಗೆ ಮಿತಿ ಅವರ ಮಂಡಿ, ನಿಮ್ಮ ಮಂಡಿಯಲ್ಲ. ದೊಡ್ಡವರು ನಿಲ್ಲಬೇಕಾದದ್ದು ಮಗುವಿನ ಸಮುದ್ರದ ಕಡೆಗೆ. ಕೆಂಪು ಬಾವುಟ ಇದ್ದರೆ, ಲೈಫ್‌ಗಾರ್ಡ್ ಸೀಟಿ ಊದಿದರೆ ಚೌಕಾಸಿ ಬೇಡ.

ಬ್ಯಾಗು, ಬುತ್ತಿ, ಬೀಗ

ಬಿಪಿ, ಶುಗರ್ ಮಾತ್ರೆಗಳನ್ನು ಎರಡು ದಿನದ್ದು ಹೆಚ್ಚಿಗೆ ಎಣಿಸಿ, ಚೀಟಿಯ ಸಮೇತ ಕೈಚೀಲದಲ್ಲಿಡಿ. ಸೂಟ್‌ಕೇಸಿನಲ್ಲಿ ಬೇಡ, ಅದು ಕ್ಯಾರಿಯರ್ ಮೇಲೆ ಹೋಗುತ್ತದೆ. ಓಆರ್‌ಎಸ್ ನಾಲ್ಕು ಪೊಟ್ಟಣ, ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರ್, ಐದು ಮೀಟರ್ ನೈಲಾನ್ ಹಗ್ಗ, ಹತ್ತು ಕ್ಲಿಪ್. ಕರಾವಳಿಯ ಗಾಳಿಯಲ್ಲಿ ತೇವ ಇರುವುದರಿಂದ ಬಟ್ಟೆ ಒಂದೇ ರಾತ್ರಿಗೆ ಒಣಗುವುದಿಲ್ಲ, ಮಕ್ಕಳಿಗೆ ಎರಡು ಜೊತೆ ಜಾಸ್ತಿ ಇರಲಿ. ಹೊರಡುವಾಗ ಲಗೇಜನ್ನು ಎಣಿಸಿ ಎಲ್ಲರಿಗೂ ಕೇಳುವಂತೆ “ಒಟ್ಟು ಏಳು” ಎನ್ನಿ. ಹತ್ತುವಾಗ, ಇಳಿಯುವಾಗ ಮಗಳೇ ಎಣಿಸಲಿ.

ಮೊದಲ ರಾತ್ರಿಯ ಬುತ್ತಿಗೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಸರಿ. ಕಾಯಿ ಹಾಕಿದ ಚಟ್ನಿ, ಪಲ್ಯ ಬಿಸಿಬಿಸಿ ಡಬ್ಬಿಗೆ ತುಂಬಿ ಮುಚ್ಚಿದರೆ ಒಂಬತ್ತು ಗಂಟೆಗೆ ಹಳಸಿರುತ್ತದೆ. ಅನ್ನವನ್ನೂ ಅಗಲ ತಟ್ಟೆಯಲ್ಲಿ ಆರಿಸಿ ಕಲಸಿ.

ಖರ್ಚಿಗೆ ಟಿಕೆಟ್, ರೂಮು, ಕಾರು ಮೂರನ್ನೂ ಕೂಡಿಸಿ, ಊಟಕ್ಕೆ ಬೇರೆ ಎತ್ತಿಟ್ಟು, ಒಟ್ಟಿನ ಮೇಲೆ ನೂರಕ್ಕೆ ಹದಿನೈದು ಸೇರಿಸಿ. ಆಟೋ, ಎಳನೀರು, ಕಾಣಿಕೆ, ಕಡಲ ಪಾಲಾದ ಚಪ್ಪಲಿ ಎಲ್ಲ ಅದರಲ್ಲಿ ಬರುತ್ತದೆ. ನೆಟ್‌ವರ್ಕ್ ಇಲ್ಲದ ಕಡೆಗೆಂದು ಮೂರ್ನಾಲ್ಕು ಸಾವಿರ ನಗದು, ಅದರಲ್ಲಿ ಹತ್ತು-ಇಪ್ಪತ್ತರ ನೋಟು ಒಂದಷ್ಟು.

ಹೊರಡುವ ದಿನ ಗ್ಯಾಸ್ ರೆಗ್ಯುಲೇಟರ್ ಆಫ್, ಗೀಸರ್ ಸ್ವಿಚ್ ಆಫ್, ಫ್ರಿಜ್ಜಿನಲ್ಲಿ ಸೊಪ್ಪು-ಮೊಸರು ಖಾಲಿ, ಬೀಗದ ಕೈ ಒಂದು ಪಕ್ಕದ ಮನೆಗೆ. ಪೇಪರ್ ಐದು ದಿನ ಬೇಡ ಎಂದು ಹೇಳಿ. ಹಾಲಿನವನಿಗೆ ಮಾತ್ರ 29ರ ಬೆಳಗ್ಗೆಯಿಂದಲೇ ಹಾಕಲು ಹೇಳಿಡಿ: ರೈಲಿಳಿದು ಬೀಗ ತೆಗೆದ ಕೂಡಲೇ ಅಜ್ಜ ಕೇಳುವುದು ಕಾಫಿಯನ್ನೇ.