ಸ್ಟೀರಿಂಗ್‌ಗೆ ತೊಡಿಸಿದ ಎರಡು ಹಿತ್ತಾಳೆ ಬಳೆ

ನನ್ನ ಕಾರಿನ ಸ್ಟೀರಿಂಗ್ ಮೇಲೆ ಸ್ಟೀರಿಯೋಗೆ ಸ್ವಿಚ್ ಕೂರಿಸಿ ಕಳೆದ ಮಳೆಗಾಲ ಪೂರ್ತಿ ಓಡಿಸಿದೆ, ಐದು ಸ್ವಿಚ್‌ನಲ್ಲಿ ಒಂದೂ ಕೈಕೊಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ "ಜೂನ್ ಬರಲಿ ನೋಡುವಾ" ಅನ್ನುವವರೇ ಜಾಸ್ತಿ ಇದ್ದರು.

ಗಾಡಿ ಸ್ಯಾನ್ ಸ್ಟಾರ್ಮ್. ಪಕ್ಕದ ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಕಾರು. ರೆನೋ 1149 ಸಿಸಿ ಇಂಜಿನ್, ಫೈಬರ್ ಬಾಡಿ. ಕಾರವಾರದ ಉಪ್ಪು ಗಾಳಿಗೆ ತಗಡಿನ ಗಾಡಿಗಳ ಬಾಗಿಲು ಅಡಿಯಿಂದ ತಿಂದುಹೋಗುತ್ತದೆ, ಇದಕ್ಕೆ ಆ ಕಾಟ ಇಲ್ಲ. ಏರ್‌ಬ್ಯಾಗೂ ಇಲ್ಲ. ಅದಕ್ಕೇ ಸ್ಟೀರಿಂಗ್‌ಗೆ ಕೈ ಹಾಕಿದೆ. ಏರ್‌ಬ್ಯಾಗ್ ಇರುವ ಸ್ಟೀರಿಂಗ್ ಆಗಿದ್ದರೆ ಸ್ಕ್ರೂಡ್ರೈವರ್ ಕೂಡ ತಾಗಿಸುತ್ತಿರಲಿಲ್ಲ, ನೀವೂ ತಾಗಿಸಬೇಡಿ.

ಬೇಕಿದ್ದದ್ದು ಐದೇ ಸ್ವಿಚ್. ಸೌಂಡ್ ಏರಿಸಲು, ಇಳಿಸಲು, ಮುಂದಿನ ಹಾಡು, ಹಿಂದಿನ ಹಾಡು, ಫೋನ್. ಘಟ್ಟದಲ್ಲಿ ಸ್ಟೀರಿಂಗ್ ಬಿಟ್ಟು ಸ್ಟೀರಿಯೋ ಕಡೆ ಕೈ ಚಾಚುವುದು ನನಗೆ ಒಗ್ಗುವುದಿಲ್ಲ. ಒಂದು ಕಾರ್ ಆಡಿಯೋ ಅಂಗಡಿಯಲ್ಲಿ ಕೇಳಿದರೆ ಹದಿನಾಲ್ಕು ಸಾವಿರ ಅಂದರು, ಅದೂ ಗ್ಯಾರಂಟಿ ಇಲ್ಲದೆ. ನಮ್ಮ ಎಲೆಕ್ಟ್ರಿಷಿಯನ್ ಗೆಳೆಯ "ಹೋಗೋ ಮಾರಾಯ, ಆಮೇಲೆ ಹಾರ್ನೂ ಹೊಡೆಯಲ್ಲ" ಅಂದ.

ಮೊದಲು ತಂದದ್ದು ಗುಜರಿಯ ಕ್ಲಾಕ್ ಸ್ಪ್ರಿಂಗ್, ಅಂದರೆ ತಿರುಗುವ ಸ್ಟೀರಿಂಗ್ ತನಕ ಕರೆಂಟ್ ಒಯ್ಯಲು ಒಳಗೆ ರಿಬ್ಬನ್ ತಂತಿ ಸುತ್ತಿದ ಡಬ್ಬಿ. ಮಡಗಾಂವ್‌ಗೆ ಹೋಗಿ ಹುಡುಕಿದೆ, ಸಾವಿರದ ಇನ್ನೂರು ಕೊಟ್ಟೆ. ಸ್ಟೀರಿಂಗ್ ಕಾಲಮ್‌ಗೆ ಕೂರಿಸಲು ಅಲ್ಯುಮಿನಿಯಂ ಪಟ್ಟಿ ಕೊರೆದು ಎರಡು ಭಾನುವಾರ ಕಳೆದೆ. ಒಳಗಿನ ರಿಬ್ಬನ್ ಸರಿಯಾಗಿ ನಡುಮಧ್ಯ ಇದೆ ಅಂದುಕೊಂಡೇ ಬಿಗಿದಿದ್ದೆ. ಇರಲಿಲ್ಲ. ಮನೆ ಮುಂದೆ ಗಾಡಿ ತಿರುಗಿಸುವಾಗ ಎಡಕ್ಕೆ ಪೂರ್ತಿ ಎಳೆದೆ, ಟಕ್ ಅಂತ ಸದ್ದು, ರಿಬ್ಬನ್ ತುಂಡು. ಸಾವಿರದ ಇನ್ನೂರು ಹೋಯಿತು.

ಆಮೇಲೆ ಬ್ಲೂಟೂತ್ ಬಟನ್, ಸುಮಾರು ಒಂಬೈನೂರು. ಎರಡು ತಿಂಗಳು ಚೆನ್ನಾಗಿತ್ತು. ಜುಲೈಯಲ್ಲಿ ಬಿಚ್ಚಿ ನೋಡಿದರೆ ಸೆಲ್ ಕೂರುವ ಪಟ್ಟಿಗೆ ತುಕ್ಕು. ಒರೆಸಿದೆ, ವಾರಕ್ಕೆ ಮತ್ತೆ ಅದೇ ಕತೆ. ತೆಗೆದಿಟ್ಟೆ.

ಆಗ ಹೊಳೆದದ್ದು ಬಳೆ. ಹಾರ್ನ್ ಕೆಲಸ ಮಾಡುವುದೇ ಹಾಗಲ್ವಾ? ಒಂದು ಬಳೆ, ಅದಕ್ಕೆ ಒರಗಿದ ಒಂದು ಸ್ಪ್ರಿಂಗ್ ಪಿನ್. ಹಾರ್ನ್ ಬಳೆ ಮುಟ್ಟಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ, ನಮ್ಮ ತಿರುವುಗಳಲ್ಲಿ ಹಾರ್ನೇ ಜೀವ. ಬೇರೆ ಬಳೆ ಮಾಡಿಸಲು ಲೇಥ್ ಅಂಗಡಿಗೆ ಹೋದೆ. ಅಲ್ಲಿಯ ಹಿರಿಯರು ಚಿತ್ರ ನೋಡಿ, "ತಮಾ, ಇದೆಂತಕ್ಕೆ?" ಅಂದರು. "ಮಾಡಿ ಕೊಡಿ ಅಣ್ಣಾ, ಆಮೇಲೆ ತೋರಿಸ್ತೇನೆ" ಅಂದೆ. ಹಿತ್ತಾಳೆ ಅವರದ್ದೇ, ಆರುನೂರು ತೆಗೆದುಕೊಂಡರು. ಬಳೆಯನ್ನು ನೈಲಾನ್ ತಟ್ಟೆಗೆ ಅಂಟಿಸಿ ಸ್ಟೀರಿಂಗ್ ಬಾಸ್‌ನ ಹಿಂದೆ ಕೂರಿಸಿದೆ. ಬಳೆಗೆ ಒರಗಿ ಕರೆಂಟ್ ದಾಟಿಸುವ ಬ್ರಷ್‌ಗೆ ಮಿಕ್ಸರ್ ಮೋಟರಿನ ಕಾರ್ಬನ್, ಜೋಡಿಗೆ ನಲವತ್ತು ರೂಪಾಯಿ. ಪ್ರತಿ ಸ್ವಿಚ್‌ಗೂ ಬೇರೆ ಬೇರೆ ರೆಸಿಸ್ಟರ್, ಸ್ಟೀರಿಯೋದ ಕೀ ವೈರ್‌ಗೆ ಒಂದೇ ತಂತಿ. ಯಾವ ಸ್ವಿಚ್ ಒತ್ತಿದೆ ಅಂತ ಸ್ಟೀರಿಯೋ ಆ ತಂತಿಯ ವೋಲ್ಟ್ ನೋಡಿ ತಿಳಿಯುತ್ತದೆ. ಅರ್ತ್ ಸ್ಟೀರಿಂಗ್ ಶಾಫ್ಟಿನಿಂದಲೇ.

ಕೆಲಸ ಮಾಡಿತು, ಆದರೆ ನಿಂತಿದ್ದಾಗ ಮಾತ್ರ! 2024ರ ಆಗಸ್ಟ್‌ನಲ್ಲಿ ಹಳೇ ಕಾಳಿ ಸೇತುವೆ ಬಿದ್ದ ಮೇಲೆ ಎರಡೂ ಕಡೆಯ ಗಾಡಿ ಹೊಸ ಸೇತುವೆಯಲ್ಲೇ ಹೋಗುತ್ತಿದ್ದವು. ಆ ಸಾಲಿನಲ್ಲಿ ನಿಂತಾಗ ಒತ್ತಿದರೆ ಸರಿ ಇರುತ್ತಿತ್ತು. ಸದಾಶಿವಗಡದ ಕಡೆ ತಿರುವಿನಲ್ಲಿ ಸೌಂಡ್ ಇಳಿಸಲು ಒತ್ತಿದರೆ ಹಾಡು ಬದಲಾಗುತ್ತಿತ್ತು. ಮೀಟರ್ ಹಿಡಿದು ಹೆಂಡತಿ ಕೈಲಿ ಸ್ಟೀರಿಂಗ್ ತಿರುಗಿಸಿದೆ. ಅರ್ತ್ ದಾರಿಯಲ್ಲಿ ಕರೆಂಟಿಗೆ ಬರುವ ತಡೆ ನೂರು ಓಮ್ ತನಕ ಕುಣಿಯುತ್ತಿತ್ತು. ಶಾಫ್ಟಿನ ಬೇರಿಂಗ್‌ನಲ್ಲಿ ಗ್ರೀಸ್ ಇದೆ, ಬಾಡಿ ಫೈಬರ್, ಅಲ್ಲಿ ನಂಬುವಂಥ ಅರ್ತ್ ಎಲ್ಲಿಂದ ಬರಬೇಕು? ಜೊತೆಗೆ ಬಳೆಗೆ ಹಸಿರು ಕಿಲುಬು. ಹುಣಸೆಹಣ್ಣು ಹಾಕಿ ತಿಕ್ಕಿದೆ, ಫಳಫಳ ಹೊಳೆಯಿತು. ನಾಲ್ಕೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಕಿಲುಬು. ಹುಳಿ ಉಳಿದುಬಿಟ್ಟಿತ್ತು. ಹುಣಸೆ ಬೇಡ, ಸಣ್ಣ ಪಾಲಿಶ್ ಕಾಗದವೇ ಸಾಕು.

ಮೂರು ಬದಲಾವಣೆ ಮಾಡಿದ ಮೇಲೆ ಗೆದ್ದೆ. ಅರ್ತ್‌ಗೂ ಒಂದು ಪ್ರತ್ಯೇಕ ಬಳೆ ಮಾಡಿಸಿದೆ, ಮತ್ತೆ ಆರುನೂರು. ಮಿಕ್ಸರ್ ಕಾರ್ಬನ್ ಬಿಟ್ಟು ತಾಮ್ರ ಬೆರೆತ ಸ್ಟಾರ್ಟರ್ ಮೋಟರ್ ಬ್ರಷ್ ಅರೆದು ಹಾಕಿದೆ, ಬಳೆಗೆ ಎರಡೆರಡು. ಒಂದು ಎಗರಿದರೂ ಇನ್ನೊಂದು ತಾಗಿರುತ್ತದೆ.

ಮೂರನೆಯದೇ ಮುಖ್ಯ, ರೆಸಿಸ್ಟರ್ ಲೆಕ್ಕ. ಮೊದಲು 100, 220, 330, 470, 680 ಓಮ್ ಹಾಕಿದ್ದೆ. ನನ್ನ ಸ್ಟೀರಿಯೋ ಕೀ ವೈರ್‌ನಲ್ಲಿ 3.3 ವೋಲ್ಟ್ ಇದೆ, ಒಳಗೆ ಹೆಚ್ಚುಕಡಿಮೆ ಒಂದು ಕಿಲೋ ಓಮ್. ಹಾಗಾಗಿ ಸ್ವಿಚ್‌ನಿಂದ ಸ್ವಿಚ್‌ಗೆ ಕಾಲು ವೋಲ್ಟೇ ಅಂತರ. 220ಕ್ಕೆ ಕೊಳೆಯ ನೂರು ಸೇರಿದರೆ ಅದು 330ರ ಸ್ವಿಚ್ ಆಗಿಬಿಡುತ್ತದೆ. ಈಗ 150, 470, 1 ಕಿಲೋ, 2.2 ಕಿಲೋ, 5.6 ಕಿಲೋ. ಅಂತರ ಅರ್ಧ ವೋಲ್ಟ್ ದಾಟಿತು. ಕೊಳೆ ಯಾವಾಗಲೂ ಓಮ್ ಕೂಡಿಸುತ್ತದೆ, ಕಳೆಯುವುದಿಲ್ಲ. ಅದಕ್ಕೇ 150 ಓಮ್ ಹೆಚ್ಚು ನಾಜೂಕು, ಅಲ್ಲಿ ಹಿಂದಿನ ಹಾಡನ್ನು ಇಟ್ಟಿದ್ದೇನೆ, ತಪ್ಪಿದರೂ ನಷ್ಟ ಇಲ್ಲ. ಫೋನ್ 5.6ಕ್ಕೆ.

ಬಳೆಗೆ ಕೊನೆಗೆ ಏನು ಹಚ್ಚಿದೆ ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ಆರು ತಿಂಗಳು ಕಳೆದಿದ್ದೇನೆ. ವ್ಯಾಸಲೀನ್ ಅಲ್ಲ ಅಂತಷ್ಟೇ ತಿಳಿಯಿರಿ.

ನಡುವೆ ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಸೇರಿಸಿ ಹೆಡ್‌ಲೈಟ್ ಡಿಪ್ಪರ್‌ನ್ನೂ ಅದೇ ತಂತಿಯಲ್ಲಿ ತಂದಿದ್ದೆ. ಸ್ಟಾರ್ಟ್ ಮಾಡುವಾಗ ವೋಲ್ಟ್ ಕುಸಿದು ಅದು ರೀಸೆಟ್ ಆಗುತ್ತಿತ್ತು, ಲೈಟ್ ತಾನಾಗಿ ಮಿಂಚುತ್ತಿತ್ತು. ದಾರಿಯ ಮೇಲೆ ಅಂಥದ್ದು ಬೇಡ ಅನ್ನಿಸಿತು, ಅದೇ ದಿನ ಕಿತ್ತು ಹಾಕಿದೆ.

ಸ್ವಿಚ್ ಕೂರುವ ಗೂಡಿನ ಬಗ್ಗೆ ನನಗೆ ಹೆಮ್ಮೆ ಇದೆ. ಎಂ-ಸೀಲ್‌ನಲ್ಲಿ ಮಾಡಿದ್ದು ಒರಟಾಗಿತ್ತು. ಹಿತ್ತಲಲ್ಲಿ ಬಿದ್ದಿದ್ದ ತೆಂಗಿನ ಕರಟ ಕಣ್ಣಿಗೆ ಬಿತ್ತು. ಅದರ ಬಾಗು ಹೆಬ್ಬೆರಳಿನ ಬಾಗಿಗೆ ಸರಿಯಾಗಿ ಕೂರುತ್ತದೆ. ಹ್ಯಾಕ್ಸಾದಲ್ಲಿ ಎರಡು ತುಂಡು ಕೊಯ್ದು, 80ರಿಂದ 1000ರ ತನಕ ಪಾಲಿಶ್ ಕಾಗದ ಹಿಡಿದು ಉಜ್ಜಿದೆ. ಕೊನೆಗೆ ಕೊಬ್ಬರಿ ಎಣ್ಣೆ. ಕಪ್ಪು ಮೈಯಲ್ಲಿ ಕಂದು ಗೆರೆಗಳು ಎದ್ದು ಬಂದವು. ನೋಡಿದವರೆಲ್ಲ ಎಲ್ಲಿ ಕೊಂಡದ್ದು ಅಂತ ಕೇಳುತ್ತಾರೆ. ಸ್ವಿಚ್‌ಗಳ ಕಾಲಿಗೆ ಬೆಸುಗೆ ಹಾಕಿದ ಮೇಲೆ ಎರಡು ಪದರ ಉಗುರು ಬಣ್ಣ ಬಳಿದೆ, ಉಪ್ಪು ಒಳಗೆ ಹೋಗುವುದಿಲ್ಲ.

ಈಗ ಗಾಡಿಯಲ್ಲಿ ಉಳಿದಿರುವ ಕೆಲಸಕ್ಕೆ ಎಲ್ಲ ಸೇರಿ ಸಾವಿರದ ಏಳುನೂರು ಆಗಿರಬಹುದು. ಹಾಳಾದದ್ದು ಮೂರೂವರೆ ಸಾವಿರದ ಮೇಲೆ.

ಕಳೆದ ಮಳೆಗಾಲದ ಜುಲೈಯಲ್ಲಿ ಆ ಎಲೆಕ್ಟ್ರಿಷಿಯನ್ ಗೆಳೆಯನನ್ನೇ ಕೂರಿಸಿಕೊಂಡು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆ. ಜೋರು ಮಳೆ, ಹುಡ್ಡಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ರತಿ ತಿರುವಿನಲ್ಲೂ ಸ್ಟೀರಿಂಗ್ ಎಳೆಯುತ್ತಲೇ ಒತ್ತು ಅಂದ, ಒತ್ತಿದೆ. ಒಂದೂ ತಪ್ಪಲಿಲ್ಲ. ಹಾರ್ನ್ ಹೊಡೆದೂ ತೋರಿಸಿದೆ. ಶಿರಸಿಯಲ್ಲಿ ಚಹಾದ ದುಡ್ಡು ಅವನೇ ಕೊಟ್ಟ, ತನ್ನ ಜಿಪ್ಸಿಗೂ ಮಾಡಿಕೊಡು ಅಂದ.

ಮೊನ್ನೆ ಬಿಚ್ಚಿ ನೋಡಿದೆ. ಬ್ರಷ್ ಅರ್ಧ ಮಿಲಿಮೀಟರ್ ಸವೆದಿರಬಹುದು. ಬಳೆಯಲ್ಲಿ ಕಿಲುಬಿನ ಚುಕ್ಕೆಯೂ ಇಲ್ಲ. ಒರೆಸಿ ವಾಪಸ್ ಹಾಕಿದ್ದೇನೆ.