ಬೆಳಕು ಹಾಯುವ ಕಾಂತೀಯ ಅಕ್ರಿಲಿಕ್ ಹಾಳೆ ಮಾಡುವ ಬಗೆ

ಕಾಂತೀಯವಾಗಲೆಂದು ಕಬ್ಬಿಣದ ಆಕ್ಸೈಡ್ ಬೆರೆಸಿದ ಅಕ್ರಿಲಿಕ್ ಮಬ್ಬಾಗುವುದಕ್ಕೆ ಮುಖ್ಯ ಕಾರಣ ಕಣಗಳು ಗಂಟು ಕಟ್ಟುವುದು. 10 ನ್ಯಾನೊಮೀಟರ್‌ನ ಬಿಡಿ ಕಣಗಳು 100 ನ್ಯಾನೊಮೀಟರ್‌ನ ಗಂಟುಗಳಾದರೆ, ಅಷ್ಟೇ ತೂಕದ ಆಕ್ಸೈಡ್ ಸುಮಾರು 1000 ಪಟ್ಟು ಹೆಚ್ಚು ಬೆಳಕು ಚೆದುರಿಸುತ್ತದೆ. ಹಾಗಾಗಿ ಕಣಗಳನ್ನು ಒಣಗಿಸಿ ಪುಡಿಮಾಡಲು ಹೋಗಬೇಡಿ. ಕೊನೆತನಕ ಹಸಿಯಾಗಿಯೇ ಇರಲಿ.

100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಅರ್ಧ ಗಂಟೆ ನೈಟ್ರೋಜನ್ ಹಾಯಿಸಿ, 2.70 ಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್, 0.99 ಗ್ರಾಂ ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ ಕರಗಿಸಿ. ಜೋರಾಗಿ ಕಲಕುತ್ತ 25% ಅಮೋನಿಯಾ 12 ಮಿ.ಲೀ. ಸುರಿಯಿರಿ. ದ್ರವ ಕೂಡಲೇ ಕಪ್ಪಾಗಬೇಕು. ಕಂದಾದರೆ ಗಾಳಿ ಸೇರಿದೆ. ಮ್ಯಾಗ್ನೆಟಿಕ್ ಸ್ಟಿರರ್ ಬೇಡ, ಕಣಗಳೆಲ್ಲ ಅದರ ಕಡ್ಡಿಗೇ ಅಂಟುತ್ತವೆ; ಮೇಲಿನಿಂದ ತಿರುಗುವ ಮೋಟಾರ್ ಕಲಕಿ ಬಳಸಿ. ಕಣಗಳಿಗೆ ಹೊದಿಕೆಯಾಗಲು 0.5 ಮಿ.ಲೀ. ಓಲಿಕ್ ಆಮ್ಲ ಹಾಕಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಗಂಟೆ ಇಡಿ.

ಪಾತ್ರೆಯಡಿ ಅಯಸ್ಕಾಂತ ಹಿಡಿದು ನೀರು ಬಗ್ಗಿಸಿ. ಎರಡು ಸಲ ಬಿಸಿನೀರಿನಲ್ಲಿ, ಎರಡು ಸಲ ಎಥನಾಲ್‌ನಲ್ಲಿ ತೊಳೆಯಿರಿ. ಉಳಿದ ಓಲಿಕ್ ಆಮ್ಲ ಹಾಳೆಯನ್ನು ಮೆತ್ತಗಾಗಿಸುತ್ತದೆ. ಅತಿಯಾಗಿ ತೊಳೆದರೆ ಕಣದ ಹೊದಿಕೆಯೇ ಕಳಚುತ್ತದೆ. ಕಪ್ಪು ಮುದ್ದೆಗೆ 50 ಮಿ.ಲೀ. ಟಾಲ್ಯೂಯಿನ್ ಸೇರಿಸಿ, 15 ನಿಮಿಷ ಅಲ್ಟ್ರಾಸೋನಿಕ್ ಬಾತ್‌ನಲ್ಲಿಟ್ಟು, 3000 ಆರ್‌ಪಿಎಂನಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ತಳದ ಗಷ್ಟು ಎಷ್ಟೇ ಇದ್ದರೂ ಬಿಟ್ಟುಬಿಡಿ, ಮಬ್ಬಿನ ಮೂಲ ಅದೇ. ಮೇಲಿನ ದ್ರವದ 1 ಮಿ.ಲೀ. ಮಾತ್ರ ಆವಿಮಾಡಿ ತೂಗಿದರೆ ಸಾಂದ್ರತೆ ಸಿಗುತ್ತದೆ.

10 ಮಿ.ಲೀ. ಟಾಲ್ಯೂಯಿನ್‌ಗೆ 60 ಡಿಗ್ರಿಯಲ್ಲಿ 1 ಗ್ರಾಂ ಅಕ್ರಿಲಿಕ್ ಹರಳನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಮ್ಮೆಲೇ ಸುರಿದರೆ ಬಿಸಿನೀರಿಗೆ ಬಿದ್ದ ರಾಗಿಹಿಟ್ಟಿನಂತೆ ಗಂಟಾಗುತ್ತದೆ. 5 ಮಿ.ಗ್ರಾಂ ಕಣವಿರುವಷ್ಟು ದ್ರವ ಬೆರೆಸಿ, ಮಟ್ಟವಾಗಿಟ್ಟ 9 ಸೆಂ.ಮೀ. ಗಾಜಿನ ಪೆಟ್ರಿ ತಟ್ಟೆಗೆ ಹೊಯ್ಯಿರಿ. ಪಾಲಿಸ್ಟೈರೀನ್ ತಟ್ಟೆ ಕರಗಿಹೋಗುತ್ತದೆ. ಸೂಜಿ ತೂತುಗಳಿರುವ ಫಾಯಿಲ್ ಮುಚ್ಚಿ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲಿ 2 ದಿನ ಬಿಡಿ. ಟಾಲ್ಯೂಯಿನ್ ಆವಿ ವಿಷಕಾರಿ, ಬೇಗ ಬೆಂಕಿಯೂ ಹೊತ್ತುತ್ತದೆ. ಹತ್ತಿರ ಅಯಸ್ಕಾಂತವಿದ್ದರೆ ಕಣಗಳು ಸರಪಳಿಯಾಗಿ ಗೆರೆ ಮೂಡುತ್ತವೆ. ಬಿಡಿಸಿದ ಹಾಳೆಯನ್ನು 60 ಡಿಗ್ರಿಯ ವ್ಯಾಕ್ಯೂಮ್ ಅವನ್‌ನಲ್ಲಿ ಒಂದು ದಿನ ಒಣಗಿಸಿ. ಅವಸರದಿಂದ ಬಿಸಿ ಏರಿಸಿದರೆ ಗುಳ್ಳೆ ಬರುತ್ತದೆ. ದಪ್ಪ ಸುಮಾರು 0.13 ಮಿ.ಮೀ.

ಕತ್ತಲಲ್ಲಿ ಹಾಳೆಯ ಮೂಲಕ ಕೆಂಪು ಲೇಸರ್ ಹಾಯಿಸಿ ಗೋಡೆ ನೋಡಿ. ಚುಕ್ಕೆಯ ಸುತ್ತ ಮಂಜಿನಂಥ ವರ್ತುಲ ಕಂಡರೆ ಗಂಟುಗಳು ಉಳಿದಿವೆ. ಹಾಳೆಗೆ ಬೆಲ್ಲದ ಪಾಕದ ಬಣ್ಣ ಬಂದರೆ ಅದು ದೋಷವಲ್ಲ. ಈ ಆಕ್ಸೈಡ್ ನೀಲಿಯನ್ನು ಹೀರುತ್ತದೆ. ಹಾಗಾಗಿ 1845ರಲ್ಲಿ ಫ್ಯಾರಡೆ ಕಂಡುಹಿಡಿದ, ಕಾಂತಕ್ಷೇತ್ರದಲ್ಲಿ ಬೆಳಕಿನ ಧ್ರುವೀಕರಣ (ಬೆಳಕಿನ ಅಲೆ ಕಂಪಿಸುವ ದಿಕ್ಕು) ತಿರುಗುವ ಪರಿಣಾಮವನ್ನು ಅಳೆಯಲು ಕೆಂಪು ಬೆಳಕೇ ಸರಿ. ಎರಡು ಪೋಲರೈಸರ್‌ಗಳನ್ನು 45 ಡಿಗ್ರಿಗೆ ಇಟ್ಟು, ಉಂಗುರ ಅಯಸ್ಕಾಂತದ ನಡುವೆ ಬೆಳಕು ಹಾಯಿಸಿ, ಅಯಸ್ಕಾಂತವನ್ನು ಹಿಂದುಮುಂದಾಗಿ ತಿರುಗಿಸಿಟ್ಟು ಮತ್ತೆ ಅಳೆಯಿರಿ. ಬರಿಯ ಅಕ್ರಿಲಿಕ್ ಕೂಡ ಸ್ವಲ್ಪ ತಿರುಗಿಸುವುದರಿಂದ, ಕಣವಿಲ್ಲದ ಹಾಳೆಯ ಅಳತೆಯನ್ನು ಕಳೆಯಲೇಬೇಕು.