ತಂದೆಯ ಹೆಸರಿನ ಪಹಣಿ ಮಕ್ಕಳ ಹೆಸರಿಗೆ: ಪೌತಿ ಖಾತೆ ಮಾಡಿಸಿಕೊಳ್ಳುವ ಬಗೆ

ಹಾಸನ ಜಿಲ್ಲೆಯ ಯಾವುದೇ ನಾಡಕಚೇರಿಯ ಮುಂದೆ ಒಂದು ಬೆಳಿಗ್ಗೆ ನಿಂತರೂ, ಎಂದೋ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದಿರುವ ಪಹಣಿಯನ್ನು ಕೈಯಲ್ಲಿ ಹಿಡಿದು ಬಂದವರು ಕಾಣಸಿಗುತ್ತಾರೆ. ಸಕಲೇಶಪುರದ ಕಾಫಿ ತೋಟವಿರಲಿ, ಅರಸೀಕೆರೆಯ ತೆಂಗಿನ ತೋಟವಿರಲಿ, ಹಾಸನದ ಸುತ್ತಲಿನ ಆಲೂಗಡ್ಡೆ ಹೊಲವಿರಲಿ, ಸಾಗುವಳಿ ನಡೆಯುತ್ತಲೇ ಇರುವುದರಿಂದ ಹೆಸರು ಬದಲಾಯಿಸುವ ಅಗತ್ಯ ಯಾರಿಗೂ ತೋರುವುದಿಲ್ಲ. ಬೆಳೆ ಸಾಲಕ್ಕೆ ಸಹಕಾರ ಸಂಘಕ್ಕೆ ಹೋದಾಗಲೋ, ಮಳೆಗೆ ಬೆಳೆ ಕೊಳೆತು ಪರಿಹಾರಕ್ಕೆ ಅರ್ಜಿ ಹಾಕಿದಾಗಲೋ, ಸರ್ಕಾರದ ಲೆಕ್ಕದಲ್ಲಿ ತಾವು ರೈತರೇ ಅಲ್ಲವೆಂಬುದು ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಅದಕ್ಕೆ ಕಾರಣ ಯಾವ ಕಚೇರಿಯೂ ಅಲ್ಲ, ನಮ್ಮದೇ ಸೋಮಾರಿತನ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಪೌತಿ ಖಾತೆ ಎಂದರೆ ಆಸ್ತಿಯ ಪಾಲಲ್ಲ. ಖಾತೆದಾರರು ಮರಣ ಹೊಂದಿದ ಮೇಲೆ ಅವರ ವಾರಸುದಾರರ ಹೆಸರನ್ನು ಕಂದಾಯ ದಾಖಲೆಯಲ್ಲಿ ಸೇರಿಸುವುದಷ್ಟೇ ಅದರ ಕೆಲಸ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 133ನೇ ಕಲಮಿನ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಲ್ಪಡುತ್ತದೆ. ಆದರೆ ಅದು ತಾನಾಗಿ ಯಾರಿಗೂ ಹಕ್ಕನ್ನು ಕೊಡುವುದೂ ಇಲ್ಲ, ಕಸಿದುಕೊಳ್ಳುವುದೂ ಇಲ್ಲ. ಹಿರಿಯ ಮಗನೊಬ್ಬನ ಹೆಸರು ಪಹಣಿಗೆ ಬಂದ ಮಾತ್ರಕ್ಕೆ ತಾಯಿಯ ಅಥವಾ ತಂಗಿಯರ ಪಾಲು ಕರಗಿ ಹೋಗುವುದಿಲ್ಲ. ಇದು ಅಣ್ಣಂದಿರಿಗೂ ತಂಗಿಯರಿಗೂ ಸಮಾನವಾಗಿ ತಿಳಿದಿರಬೇಕಾದ ಸಂಗತಿ.

ಹಾಗಾದರೆ ವಾರಸುದಾರರು ಯಾರು? ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಪುರುಷನ ಸ್ವಯಾರ್ಜಿತ ಆಸ್ತಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ತಾಯಿ ಸಮಾನ ಹಕ್ಕುದಾರರು. ತಾಯಿ, ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದರೆ ಪಾಲು ಐದು. ಮಗನೋ ಮಗಳೋ ಮೊದಲೇ ತೀರಿಕೊಂಡಿದ್ದರೆ ಅವರ ಪಾಲು ಅವರ ಮಕ್ಕಳಿಗೆ, ಮಗನ ವಿಷಯದಲ್ಲಾದರೆ ಸೊಸೆಗೂ ಸೇರಿ, ಹೋಗುತ್ತದೆ. ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಕರ್ನಾಟಕವು 1994ರಲ್ಲಿಯೇ ಅವಿವಾಹಿತ ಹೆಣ್ಣುಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತ್ತು. ಕೇಂದ್ರದ 2005ರ ತಿದ್ದುಪಡಿಯು ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಆ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆಗಿಹೋದ ವಿಭಾಗವನ್ನು ಮಾತ್ರ ಇದು ಅಲುಗಾಡಿಸುವುದಿಲ್ಲ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಅವರವರ ಉತ್ತರಾಧಿಕಾರದ ಕಾನೂನು ಅನ್ವಯಿಸುತ್ತದೆ. ಖಾತೆ ಬದಲಾವಣೆಯ ಕ್ರಮ ಮಾತ್ರ ಎಲ್ಲರಿಗೂ ಒಂದೇ.

“ಮದುವೆಯಲ್ಲಿ ಚಿನ್ನ ಹಾಕಿದ್ದೇವೆ, ಇನ್ನೇನು ಪಾಲು?” ಎಂಬ ಮಾತು ನಮ್ಮ ಕಡೆ ಇನ್ನೂ ಕೇಳಿಬರುತ್ತದೆ. ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. ತಂಗಿಯೊಬ್ಬಳು ಮನಃಪೂರ್ವಕವಾಗಿ ತನ್ನ ಪಾಲನ್ನು ಬಿಟ್ಟುಕೊಡಲು ಇಚ್ಛಿಸಿದರೆ ಅದು ಹಕ್ಕು ಬಿಡುಗಡೆ ಪತ್ರದ ಮೂಲಕ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಿಯೇ ಆಗಬೇಕು. ಛಾಪಾ ಕಾಗದದ ಮೇಲೆ ಬರೆದು ನೋಟರಿಯ ಮುದ್ರೆ ಹಾಕಿಸಿದ ಒಪ್ಪಿಗೆ ಪತ್ರದಿಂದ ಸ್ಥಿರಾಸ್ತಿಯ ಹಕ್ಕು ಹೋಗುವುದಿಲ್ಲ. ಓದದೆ ಸಹಿ ಹಾಕುವ ಹೆಣ್ಣುಮಕ್ಕಳೂ, ಆ ಸಹಿಯನ್ನು ನಂಬಿ ಜಮೀನು ಕೊಳ್ಳುವವರೂ ಮುಂದೆ ನ್ಯಾಯಾಲಯ ಅಲೆಯುವುದು ಇಂಥ ಕಾಗದಗಳಿಂದಲೇ.

ದಾಖಲೆಗಳಲ್ಲಿ ಮೊದಲನೆಯದು ಮರಣ ಪ್ರಮಾಣ ಪತ್ರ. ಸಾವನ್ನು 21 ದಿನಗಳೊಳಗೆ ನೋಂದಾಯಿಸಿದ್ದರೆ ಇದು ಸುಲಭ. ವರ್ಷ ದಾಟಿದ್ದರೆ ದಂಡಾಧಿಕಾರಿಗಳ ಆದೇಶ ಬೇಕಾಗುವುದರಿಂದ ಅಲ್ಲಿಯೇ ತಿಂಗಳುಗಳು ಕಳೆಯುತ್ತವೆ. ಎರಡನೆಯದು ವಂಶವೃಕ್ಷ. ಇದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ಹಳಬರು ಈಗಲೂ ಶ್ಯಾನುಭೋಗರೆಂದೇ ಕರೆಯುವವರು, ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ವಂಶವೃಕ್ಷದಲ್ಲಿ ಒಬ್ಬ ಮಗಳ ಹೆಸರನ್ನು “ಮರೆತರೆ” ಮುಂದಿನ ಎಲ್ಲ ದಾಖಲೆಗಳ ಬುಡವೇ ಅಲುಗುತ್ತದೆಯಲ್ಲದೆ, ಸುಳ್ಳು ಪ್ರಮಾಣ ಪತ್ರ (ಅಫಿಡವಿಟ್) ಕೊಟ್ಟ ಅಪರಾಧವೂ ತಲೆಗೆ ಬರಬಹುದು. ಇವುಗಳ ಜೊತೆಗೆ ಚಾಲ್ತಿ ಪಹಣಿ ಮತ್ತು ವಾರಸುದಾರರೆಲ್ಲರ ಆಧಾರ್ ಇರಲಿ. ನಿಜವಾದ ತೊಡಕು ಹೆಸರಿನದು: ಪಹಣಿಯಲ್ಲಿ “ಕೆಂಚೇಗೌಡ ಬಿನ್ ಸಣ್ಣೇಗೌಡ” ಎಂದಿದ್ದು ಮರಣ ಪ್ರಮಾಣ ಪತ್ರದಲ್ಲಿ “ಕೆಂಚಪ್ಪ” ಎಂದಿದ್ದರೆ, ಇಬ್ಬರೂ ಒಬ್ಬರೇ ಎಂದು ತೋರಿಸುವ ಅಫಿಡವಿಟ್ಟನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಭೂ ಕಂದಾಯ ಅಧಿನಿಯಮದ 128ನೇ ಕಲಮಿನಂತೆ ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕು. ತಡವಾದರೆ ಹಕ್ಕು ಹೋಗುವುದಿಲ್ಲ, ಕೆಲಸ ಮಾತ್ರ ಕಠಿಣವಾಗುತ್ತದೆ. ಒಂದು ತಲೆಮಾರು ದಾಟಿದರೆ ಒಂದು ಮರಣ ಪ್ರಮಾಣ ಪತ್ರದ ಬದಲು ನಾಲ್ಕು ಬೇಕಾಗುತ್ತವೆ. ಪೌತಿ ಖಾತೆಯ ಅರ್ಜಿ ಸ್ವೀಕೃತವಾದ ಮೇಲೆ 129ನೇ ಕಲಮಿನಡಿ ನೋಟಿಸು ಹೊರಡುತ್ತದೆ. ತಕರಾರು ಸಲ್ಲಿಸಲು ನಿಗದಿತ ದಿನಗಳ ಅವಕಾಶವಿದ್ದು, ಯಾರೂ ತಕರಾರು ಹೇಳದಿದ್ದರೆ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ಮಂಜೂರಾಗಿ ಹೊಸ ಪಹಣಿ ಬರುತ್ತದೆ. ತಕರಾರು ಬಂದರೆ ಪ್ರಕರಣವು ವಿವಾದಿತ ಪ್ರಕರಣಗಳ ವಹಿಗೆ ಹೋಗಿ ವಿಚಾರಣೆ ನಡೆಯುತ್ತದೆ. ಆದೇಶ ಒಪ್ಪಿಗೆಯಾಗದವರು 60 ದಿನಗಳೊಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ನಮ್ಮ ಜಿಲ್ಲೆಯಲ್ಲಿ ಹಾಸನ ಮತ್ತು ಸಕಲೇಶಪುರ ಎಂಬ ಎರಡು ಉಪವಿಭಾಗಗಳಿವೆ. ಅದರ ಮೇಲೆ ಜಿಲ್ಲಾಧಿಕಾರಿಗಳ ಮುಂದೆ ಪುನರೀಕ್ಷಣೆಗೆ ಅವಕಾಶವಿದೆ. ಆದರೆ ಜಗಳ ಹಕ್ಕಿನದೇ ಆಗಿದ್ದರೆ ಕಂದಾಯ ಕಚೇರಿಗಳನ್ನು ವರ್ಷಗಟ್ಟಲೆ ಸುತ್ತುವುದಕ್ಕಿಂತ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ: ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಅದರ ಸಹಾಯವಾಣಿ 15100.

ಜಂಟಿ ಖಾತೆಯಾದ ಮೇಲೆ ಪಾಲು ಮಾಡಿಕೊಳ್ಳುವುದು ಬೇರೆಯೇ ಕೆಲಸ. ಸರ್ವೆ ನಂಬರಿನ ಒಂದು ಭಾಗವನ್ನು ನೋಂದಣಿ ಮಾಡಿಸಬೇಕಾದರೆ ಆ ಭಾಗವನ್ನು ಅಳತೆ ಮಾಡಿ ಗುರುತಿಸಿದ 11ಇ ನಕ್ಷೆ ಬೇಕು. ವಿಭಾಗ ಪತ್ರ ನೋಂದಣಿಯಾದ ಮೇಲೆ ಪೋಡಿ, ಅಂದರೆ ಸರ್ವೆ ನಂಬರನ್ನು ಪಾಲಿನಂತೆ ಬೇರೆ ಬೇರೆ ಮಾಡುವ ಕೆಲಸ, ಆಗಬೇಕು. ಮನಸ್ಸುಗಳು ಇನ್ನೂ ಒಂದಾಗಿರುವಾಗ ಮೊದಲು ಎಲ್ಲರ ಹೆಸರಿಗೆ ಜಂಟಿಯಾಗಿ ಪೌತಿ ಖಾತೆ ಮಾಡಿಸಿ, ಪಾಲಿನ ಮಾತನ್ನು ನಿಧಾನವಾಗಿ ಆಡಿದರೆ ಎರಡೂ ಕೆಲಸ ಆಗುತ್ತವೆ. ಪಾಲು ಇತ್ಯರ್ಥವಾಗಲಿ ಎಂದು ಖಾತೆಯನ್ನೇ ತಡೆದರೆ ಎರಡೂ ನಿಲ್ಲುತ್ತವೆ.

ಹೊಸ ಪಹಣಿ ಕೈಗೆ ಬಂದ ದಿನವೇ 9ನೇ ಕಾಲಮಿನಲ್ಲಿ ಎಲ್ಲ ವಾರಸುದಾರರ ಹೆಸರಿವೆಯೇ, ಅವು ಆಧಾರ್‌ನಲ್ಲಿರುವಂತೆಯೇ ಇವೆಯೇ, ಎಕರೆ ಗುಂಟೆಗಳ ವಿಸ್ತೀರ್ಣ ಹಳೆಯದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಿ. 11ನೇ ಕಾಲಮಿನಲ್ಲಿ ತಂದೆಯವರು ತೀರಿಸಿದ ಹಳೆಯ ಸಾಲ ಇನ್ನೂ ಕುಳಿತಿದ್ದರೆ ಬ್ಯಾಂಕಿನಿಂದ ಋಣಮುಕ್ತ ಪತ್ರ ತಂದು ತೆಗೆಸಬೇಕು. ಆಮೇಲೆ ರೈತರ ನೋಂದಣಿಗಿರುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆಗೆ) ಸರ್ವೆ ನಂಬರು ಸೇರಿಸಿಕೊಳ್ಳಿ. ಪಿಎಂ ಕಿಸಾನ್‌ಗೆ 2019ರ ಫೆಬ್ರವರಿ 1ರ ಗಡುವಿನ ನಂತರ ಹೆಸರಿಗೆ ಬಂದ ಜಮೀನು ಸಾಮಾನ್ಯವಾಗಿ ಸಲ್ಲದಿದ್ದರೂ, ಖಾತೆದಾರರ ಮರಣದಿಂದ ಬಂದ ವಾರಸಿಗೆ ವಿನಾಯಿತಿ ಇರುವುದರಿಂದ, ಅರ್ಜಿಯ ಜೊತೆಗೆ ಮ್ಯುಟೇಶನ್ ಪ್ರತಿಯನ್ನೂ ಇಟ್ಟುಕೊಂಡು ಹೋಗಿ.